ಕಪ್ಪು ಡೇರೆಯ ಪಾಳಿ

ವೀಕ್ಷಣಾಲಯದಲ್ಲಿ ಅವಳಿಗೆ ಗೂಬೆ ಎಂಬ ಹೆಸರು ಬಿದ್ದು ಬಹಳ ಕಾಲವಾಗಿತ್ತು. ಸೂರ್ಯನನ್ನು ಓದುವ ವಿಜ್ಞಾನಿಗೆ ಇಂಥ ಹೆಸರೇ ಎನ್ನಬೇಡಿ. ಹಗಲಿಡೀ ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿದ್ದು, ಸಂಜೆ ಕಣ್ಣು ಪಿಳುಕಿಸುತ್ತ ಹೊರಬರುವವಳನ್ನು ಇನ್ನೇನೆಂದು ಕರೆಯಬೇಕು? ಸೂರ್ಯನ ಸುತ್ತ ಹಬ್ಬಿರುವ ಪ್ರಭಾವಲಯ ಅವಳ ವಿಷಯ. ಅದು ಸೂರ್ಯನ ಮೈಗಿಂತ ಅಷ್ಟೊಂದು ಬಿಸಿಯೇಕೆ ಎಂದು ತಲೆ ಕೆಡಿಸಿಕೊಂಡೇ ಅವಳ ಕೂದಲು ನರೆಯಿತು. ಬರಿಗಣ್ಣಿಗೆ ಅದು ಕಾಣುವುದು ಪೂರ್ಣ ಗ್ರಹಣದ ಕೆಲವೇ ನಿಮಿಷ. ಒಂದು ಸಲ ಕಣ್ಣಾರೆ ನೋಡಬೇಕು ಎಂಬುದೊಂದೇ ಅವಳ ಆಸೆ.

ಮೊದಲ ಗ್ರಹಣಕ್ಕೆ ಹಡಗು ಹತ್ತಿ ಹೋದಾಗ ನಿರ್ದೇಶಕರು ದೂರದರ್ಶಕದ ಪಕ್ಕದ ಕಪ್ಪು ಡೇರೆ ತೋರಿಸಿದರು. ಬೆಳಕು ತಾಗಿದರೆ ಫೋಟೋದ ಗಾಜಿನ ಫಲಕಗಳು ಕೆಡುತ್ತವೆ. ಒಳಗೆ ಕತ್ತಲಲ್ಲಿ ಕುಳಿತು ಅವನ್ನು ಚೌಕಟ್ಟಿಗೆ ತುಂಬಿಕೊಡಲು ಒಬ್ಬರು ಬೇಕು.

“ನಿಮ್ಮಷ್ಟು ಚುರುಕು ಕೈ ಇನ್ಯಾರಿಗೂ ಇಲ್ಲಮ್ಮ. ಮುಂದಿನ ಸಲ ನೀವು ಹೊರಗಿರಿ,” ಎಂದರು.

ಹೊರಗೆ ಗಂಡಸರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿಸಿತು. ಒಳಗೆ ತನ್ನ ಕೈಬೆರಳೂ ಕಾಣುತ್ತಿರಲಿಲ್ಲ.

ಮುಂದಿನ ಸಲ, “ಅನುಭವ ಇರೋರು ನೀವೊಬ್ರೇ ಅಲ್ವಾ,” ಎಂದರು. ಆ ಗ್ರಹಣ ಅವಳ ಅಕ್ಕನ ಊರಿನ ಮೇಲೂ ಹಾದುಹೋಗಿತ್ತು. ಬಟ್ಟೆ ಒಣಹಾಕಲು ಮಹಡಿ ಹತ್ತಿದ್ದ ಅಕ್ಕ ಪುಕ್ಕಟೆಯಾಗಿ ನೋಡಿದ್ದಳು.

“ಸುತ್ತ ಬೆಳ್ಳಗೆ ಏನೋ ಇತ್ತು ಕಣೆ. ನಿಂಗೇನು ಹೇಳೋದು, ನೋಡಿ ನೋಡಿ ಸಾಕಾಗಿರುತ್ತೆ.”

ಗೂಬೆ ಅಂದಿನಿಂದ ಅಕ್ಕನ ಮನೆಗೆ ಹೋಗುವುದನ್ನೇ ಬಿಟ್ಟಳು. ಹೊಟ್ಟೆಕಿಚ್ಚಿಗೆ ಒಡಹುಟ್ಟಿದವರೆಂಬ ಭೇದವಿಲ್ಲ. ಮೂರನೆಯ ಗ್ರಹಣವನ್ನು ಮೋಡ ನುಂಗಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಿವೃತ್ತಿಗೆ ಮುಂಚಿನ ಕೊನೆಯ ಗ್ರಹಣಕ್ಕೆ ಅವಳೇ ತಂಡದ ಮುಖ್ಯಸ್ಥೆ. ಹೊಸದಾಗಿ ಸೇರಿದ್ದ ಹುಡುಗಿಯನ್ನು ಡೇರೆಯೊಳಗೆ ಕೂರಿಸಿದಳು.

“ಮೇಡಂ, ಒಂದೇ ಒಂದು ಸಲ ಇಣುಕ್ಲಾ? ನಾನು ಯಾವತ್ತೂ ನೋಡಿಲ್ಲ.”

“ಫಲಕ ಕೆಟ್ರೆ ನಿನ್ನ ಸಂಶೋಧನೆ ಇಲ್ಲಿಗೇ ಮುಗೀತು ಅನ್ಕೋ.”

ಹುಡುಗಿಯ ಮುಖ ಬಾಡಿದ್ದು ನೋಡಿ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅರ್ಧ ಹೊತ್ತು ನೀನು, ಅರ್ಧ ಹೊತ್ತು ನಾನು ಎಂದಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಆ ಮಾತು ಅವಳ ನಾಲಿಗೆಯ ತುದಿಯವರೆಗೂ ಬರಲಿಲ್ಲ.

ಬಿಸಿಲು ಬಣ್ಣಗೆಟ್ಟಿತು, ಗಾಳಿ ತಣ್ಣಗಾಯಿತು. ಗೂಬೆ ಕತ್ತೆತ್ತಬೇಕು, ಅಷ್ಟರಲ್ಲಿ ಡೇರೆಯ ಪರದೆ ಅಲುಗಿ ಹುಡುಗಿಯ ತಲೆ ಹೊರಬಂತು. ಗೂಬೆ ಓಡಿಹೋಗಿ ಆ ತಲೆಯನ್ನು ಒಳಕ್ಕೆ ನೂಕಿ, ಪರದೆಯ ಎರಡೂ ಅಂಚು ಸೇರಿಸಿ ಮುಷ್ಟಿಯಲ್ಲಿ ಹಿಡಿದಳು. ಬೆಳಕು ನುಗ್ಗದಿರಲೆಂದು ಡೇರೆಯ ಬಾಗಿಲನ್ನು ಸೂರ್ಯನಿಗೆ ಬೆನ್ನು ಮಾಡಿ ಇಟ್ಟಿದ್ದರು. ಅಲ್ಲಿ ನಿಂತವರಿಗೆ ಕಾಣುವುದು ಕಪ್ಪು ಬಟ್ಟೆ ಮಾತ್ರ. ಪಕ್ಕಕ್ಕೆ ಸರಿದರೆ ಆಕಾಶ. ಪರದೆ ಬಿಟ್ಟು ಸರಿದರೆ ಈ ಹುಡುಗಿಯೂ ನೋಡಿಬಿಡುತ್ತಾಳಲ್ಲ, ಮೊದಲ ಸಲಕ್ಕೇ? ಒಳಗಿನಿಂದ ಅಳು ಕೇಳುತ್ತಿತ್ತು, ಪರದೆಯ ಕೆಳಗಿನಿಂದ ಫಲಕಗಳು ಹೊರಬರುತ್ತಿದ್ದವು. ಗೂಬೆ ಹಿಡಿತ ಸಡಿಲಿಸಲಿಲ್ಲ. ಬಿಸಿಲು ಮರಳಿತು.

ಹುಡುಗಿ ಕಣ್ಣೊರೆಸಿಕೊಂಡು ಹೊರಬಂದಳು.

“ಹೋಗ್ಲಿ ಬಿಡಿ ಮೇಡಂ. ನೀವಾದ್ರೂ ನೋಡಿದ್ರಲ್ಲ, ಹೇಗಿತ್ತು?”

ಗೂಬೆ ಫಲಕಗಳನ್ನು ಎಣಿಸತೊಡಗಿದಳು. ಊರು ಸೇರಿದ ಮೊದಲ ದಿನವೇ ಹುಡುಗಿಯನ್ನು ಕೆಲಸದಿಂದ ತೆಗೆಸಿದಳು.