ದೊಡ್ಡ ಅಕ್ಷರದ ಪಾಟಿ

ಮುಂದೆ ಎಂಥೆಂಥ ಕಂಪ್ಯೂಟರು ಬರುತ್ತವೆ ಎಂಬುದನ್ನು ಬೈರಿದೇವರಕೊಪ್ಪದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಯಾರು ಎಂದು ೨೦೦೯ರ ಬೇಸಿಗೆಯಲ್ಲಿ ಕೇಳಿದ್ದರೆ, ಯಾರೂ ಇಂಜಿನಿಯರಿಂಗ್ ಓದುವ ಹುಡುಗರ ಕಡೆ ಬೆರಳು ಮಾಡುತ್ತಿರಲಿಲ್ಲ. ಅರವತ್ತು ದಾಟಿದ, ಧೋತರ ಉಟ್ಟ, ಹತ್ತಿ ದಲಾಲಿ ಗುರುಶಿದ್ದಪ್ಪನ ಮನೆಯ ಕಟ್ಟೆಯನ್ನು ತೋರಿಸುತ್ತಿದ್ದರು. ತೋರಿಸುವಾಗ ಸ್ವಲ್ಪ ನಗುತ್ತಲೂ ಇದ್ದರು.

ನಗಲು ಕಾರಣವಿತ್ತು. ಗುರುಶಿದ್ದಪ್ಪ ಹೊತ್ತು ಮುಳುಗುವ ತನಕ ಹೊಗಳುತ್ತಿದ್ದ ಆ ಕಂಪ್ಯೂಟರು ಇನ್ನೂ ಹುಟ್ಟಿಯೇ ಇರಲಿಲ್ಲ. ಪರದೇಶದ ಯಾವುದೋ ದೊಡ್ಡ ಕಂಪನಿ ಗುಟ್ಟಾಗಿ ಮಾಡುತ್ತಿದೆಯಂತೆ. ಅದಕ್ಕೆ ಕೀಲಿಮಣೆಯೇ ಇಲ್ಲವಂತೆ, ಬೆರಳಿನಿಂದ ಸವರಿದರೆ ಹಾಳೆ ತಿರುಗುತ್ತದಂತೆ. ಇನ್ನೊಂದು ಕಂಪನಿಯದು ಬರೀ ಪುಸ್ತಕ ಓದುವುದಕ್ಕೇ ಇರುವ ಯಂತ್ರವಂತೆ, ಅದನ್ನು ಆ ಕಡೆ ಆಗಲೇ ಮಾರುತ್ತಿದ್ದಾರಂತೆ, ಒಂದು ಕಪಾಟಿನ ಪುಸ್ತಕಗಳೆಲ್ಲ ಅದರ ಹೊಟ್ಟೆಯಲ್ಲಿ ಹಿಡಿಸುತ್ತವಂತೆ. ಒಟ್ಟಿನಲ್ಲಿ ಅಂತೆಕಂತೆಗಳ ಸಂತೆ. ಸಾಲಿ ಹುಡುಗರು ಬರೆಯುವ ಪಾಟಿಯಷ್ಟೇ ಅಗಲ ಇರುತ್ತದೆ ಎಂದು ಕೇಳಿದ್ದೇ ತಡ, ಗುರುಶಿದ್ದಪ್ಪ ಅದಕ್ಕೆ ಪಾಟಿ ಎಂದೇ ಹೆಸರಿಟ್ಟುಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇವನು ತೊಟ್ಟಿಲೂ ಕಟ್ಟಿ, ಹೆಸರೂ ಇಟ್ಟು ಮುಗಿಸಿದ್ದ.

ಅವನ ಆಯುಷ್ಯವೆಲ್ಲ ಹತ್ತಿ ಪೇಟೆಯಲ್ಲಿ ಕಳೆದಿತ್ತು. ಹತ್ತಿ ಪೇಟೆಯವನಿಗೆ ಸುದ್ದಿ ಎಂದರೆ ಅರ್ಧ ವ್ಯಾಪಾರ. ಎಲ್ಲೋ ಮಳೆ ಚೆನ್ನಾಗಿ ಆಯಿತಂತೆ ಎಂದರೆ ಇಲ್ಲಿ ದರ ಇಳಿಯುತ್ತದೆ. ಯಾವುದೋ ಮಿಲ್ಲಿನವರು ಬರುತ್ತಾರಂತೆ ಎಂದರೆ ಏರುತ್ತದೆ. ಮಿಲ್ಲಿನವರು ಬಂದರೋ ಬಿಟ್ಟರೋ, ಅದು ಆಮೇಲಿನ ಮಾತು. ಪಾಟಿಯ ಸುದ್ದಿಯನ್ನೂ ಅವನು ಅದೇ ತಕ್ಕಡಿಯಲ್ಲಿ ತೂಗುತ್ತಿದ್ದ. ಇವತ್ತು ಸುದ್ದಿ ತೇಜಿಯಾಗಿದೆ ಎಂದರೆ ಪಾಟಿ ದೀಪಾವಳಿಗೆ ಬರುತ್ತದೆ ಎಂದರ್ಥ. ಸುದ್ದಿ ಬಿದ್ದಿದೆ ಎಂದರೆ ಯುಗಾದಿಯ ಆಚೆ ಹೋಯಿತು. ಕಟ್ಟೆಯ ಮೇಲೆ ಕೂತವರು ಅವನ ಮನೆಯದೇ ಚಹಾ ಕುಡಿಯುತ್ತ, ಮುದುಕನಿಗೆ ಈ ವಯಸ್ಸಿನಲ್ಲಿ ಎಂಥ ಹುಚ್ಚು ಎಂದು ಮಜಾ ತೆಗೆದುಕೊಳ್ಳುತ್ತಿದ್ದರು. ಅವನಿಗೂ ಅದೇ ಬೇಕಾಗಿತ್ತು. ಹುಚ್ಚ ಎಂದರೆ ಎನ್ನಲಿ, ಕುರುಡ ಎನ್ನದಿದ್ದರೆ ಸಾಕು.

ಇದ್ದ ಮಾತು ಅದು. ಎರಡು ವರ್ಷದಿಂದ ಅವನು ಏನನ್ನು ನೋಡಿದರೂ ಅದರ ನಡುಭಾಗಕ್ಕೆ ಹೊಗೆ ಕವಿಯುತ್ತಿತ್ತು. ಬೀದಿ ಕಾಣುತ್ತಿತ್ತು, ಬಸ್ಸು ಕಾಣುತ್ತಿತ್ತು, ಹತ್ತಿರ ಬಂದರೆ ಬಸ್ಸಿನ ಬೋರ್ಡೂ ಕಾಣುತ್ತಿತ್ತು. ಪುಸ್ತಕದ ಅಕ್ಷರ ಮಾತ್ರ ಇರುವೆ ಸಾಲಿನ ಹಾಗೆ ಹರಿದುಹೋಗುತ್ತಿತ್ತು. ಕಣ್ಣಿನ ಹಿಂದಿನ ಪರದೆ ಸವೆದಿದೆ, ಇದು ಚಸ್ಮಾದಿಂದ ಆಗುವ ಕೆಲಸವಲ್ಲ, ದೊಡ್ಡ ಅಕ್ಷರವಿದ್ದರೆ ಓದಿಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಜೊತೆಗೆ ಬಂದಿದ್ದ ಹೆಂಡತಿ ದಾನವ್ವನಿಂದ ಅವನು ದವಾಖಾನೆಯ ಮೆಟ್ಟಿಲ ಮೇಲೆಯೇ ಆಣೆ ಹಾಕಿಸಿಕೊಂಡ. ಮಾತು ಮನೆಯ ಹೊಸ್ತಿಲು ದಾಟಬಾರದು. ಅವತ್ತಿನಿಂದ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಪೇಪರು ಬಿಡಿಸಿ ಹಿಡಿದು ಕೂಡುತ್ತಿದ್ದ. ಒಂದೇ ಪುಟವನ್ನು ಒಂದು ಗಂಟೆ ಹಿಡಿದಿರುತ್ತಾನೆ ಎಂಬುದು ದಾನವ್ವನಿಗೆ ಮಾತ್ರ ಗೊತ್ತಿತ್ತು. ಓದಿ ಹೇಳುತ್ತೇನೆ ಎಂದು ಅವಳು ಹತ್ತಿರ ಹೋದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಇಷ್ಟೆಲ್ಲ ಮುಚ್ಚಿಡುವುದು ಯಾಕೆಂದರೆ, ಪುರಾಣ. ಊರ ಮಠದಲ್ಲಿ ಶ್ರಾವಣವಿಡೀ ಸಂಜೆ ಪುರಾಣ ನಡೆಯುತ್ತದೆ. ಒಬ್ಬರು ಷಟ್ಪದಿಯನ್ನು ರಾಗ ಮಾಡಿ ಓದಬೇಕು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳಬೇಕು. ಓದುವವನು ಗುರುಶಿದ್ದಪ್ಪ, ಅರ್ಥ ಹೇಳುವವರು ಶಾಲೆಯಿಂದ ನಿವೃತ್ತರಾದ ಕುಮಾರಸ್ವಾಮಿ ಮಾಸ್ತರರು. ಇಪ್ಪತ್ತು ವರ್ಷದ ಜೋಡಿ. ಗುರುಶಿದ್ದಪ್ಪ ಪೇಟೆಯಲ್ಲಿ ಅಂಥ ದೊಡ್ಡ ಕುಳವೇನೂ ಆಗಿರಲಿಲ್ಲ, ದಲಾಲಿ ಬಿಟ್ಟ ಮೇಲೆ ಪೇಟೆಯವರು ಅವನನ್ನು ಮರೆತೂ ಇದ್ದರು. ಆದರೆ ಶ್ರಾವಣದಲ್ಲಿ ಪುಸ್ತಕವಿಡುವ ವ್ಯಾಸಪೀಠದ ಮುಂದೆ ಕೂತು ದನಿ ಎತ್ತಿದನೆಂದರೆ, ಅಳುವ ಕೂಸು ಸುಮ್ಮನಾಗುತ್ತಿತ್ತು. ಆ ಜಾಗವೊಂದು ಹೋದರೆ ತಾನು ಯಾರು ಎಂಬುದು ಅವನಿಗೇ ತಿಳಿಯದಂತಾಗುತ್ತಿತ್ತು. ಮಠದ ಕಟ್ಟಳೆ ಬೇರೆ ಬಿಗಿ. ಬಾಯಿಪಾಠ ಬರುತ್ತಿದ್ದರೂ ಹಾಳೆಯ ಮೇಲೆ ಕಣ್ಣಿಟ್ಟೇ ಓದಬೇಕು. ಪುಸ್ತಕ ನೋಡದೆ ಹಾಡಿದರೆ ಅದು ಪುರಾಣವಲ್ಲ, ಭಜನೆ.

ಹಿಂದಿನ ಶ್ರಾವಣವನ್ನು ಅವನು ನೆನಪಿನ ಬಲದ ಮೇಲೆ ದಾಟಿಸಿದ್ದ. ಬಾಯಿ ಹಾಡುತ್ತಿತ್ತು, ಕೈ ಅಂದಾಜಿನ ಮೇಲೆ ಹಾಳೆ ತಿರುವುತ್ತಿತ್ತು, ಅಂಗಿ ಬೆವರಿನಿಂದ ತೊಯ್ಯುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಆದರೆ ನೆನಪು ಎಂಬುದು ಸೋರುವ ಕೊಡ. ಇನ್ನೊಂದು ವರ್ಷ ನೀರು ನಿಲ್ಲುವುದಿಲ್ಲ ಎಂದು ಅವನಿಗೆ ಚೆನ್ನಾಗಿ ತಿಳಿದಿತ್ತು.

ಹೀಗಿರುವಾಗ ಒಂದು ದಿನ ಶಹರದ ದೇಶಪಾಂಡೆ ನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ದುರ್ಗೇಶನ ಹತ್ತಿರ ಹೋದ. ದುರ್ಗೇಶ ಹಳೆಯ ಗೆಳೆಯನ ಮಗ. ಹತ್ತಿಯ ದರ ನೋಡಿರೆಂದು ದುರ್ಗೇಶ ಕಂಪ್ಯೂಟರಿನಲ್ಲಿ ಕನ್ನಡ ಪೇಪರಿನ ಪುಟ ತೆರೆದು ತೋರಿಸಿದಾಗ, ಗುರುಶಿದ್ದಪ್ಪ ಚಸ್ಮಾ ಮನೆಯಲ್ಲಿ ಬಿಟ್ಟುಬಂದೆ ಎಂದು ಎಂದಿನ ಸುಳ್ಳು ಹೇಳಿದ. ಚಸ್ಮಾ ಅಂಗಿಯ ಕಿಸೆಯಲ್ಲೇ ಇತ್ತು. ದುರ್ಗೇಶ ಏನೋ ಎರಡು ಕೀಲಿ ಒತ್ತಿದ. ಅಕ್ಷರಗಳು ಕಡಲೆಯಷ್ಟಾದವು, ಲಿಂಬೆಕಾಯಿಯಷ್ಟಾದವು. ಗುರುಶಿದ್ದಪ್ಪ ಒಂದು ಸಾಲನ್ನು ಪೂರ್ತಿ ಓದಿದ. ಅದು ಯಾವುದೋ ಸಿಮೆಂಟಿನ ಜಾಹೀರಾತಿನ ಸಾಲು. ಆದರೂ ಅವನ ಕಣ್ಣಲ್ಲಿ ನೀರು ಬಂತು.

ದೊಡ್ಡ ಕಂಪ್ಯೂಟರನ್ನು ಮಠಕ್ಕೆ ಹೊತ್ತುಕೊಂಡು ಹೋಗಲಾಗದು, ಸಂಜೆಯಾದರೆ ಕರೆಂಟು ಇರುವ ಭರವಸೆಯೂ ಇಲ್ಲ. ಮಡಚುವ ಕಂಪ್ಯೂಟರು ಇಟ್ಟುಕೊಂಡರೆ ಓದುವವನ ಮುಖವೇ ಜನಕ್ಕೆ ಕಾಣುವುದಿಲ್ಲ. ದೊಡ್ಡ ಅಕ್ಷರದಲ್ಲಿ ಕಾಗದಕ್ಕೆ ಅಚ್ಚು ಹಾಕಿಸಿದರೆ ಆಯಿತಲ್ಲ ಎನ್ನಬಹುದು. ಹಾಸಿಗೆಯಷ್ಟು ದಪ್ಪದ ಆ ಕಟ್ಟನ್ನು ಮುಂದಿಟ್ಟುಕೊಂಡು ಕೂತರೆ ಕಣ್ಣು ಹೋಯಿತೆಂದು ತಾನೇ ಡಂಗುರ ಸಾರಿದಂತೆ. ಪಾಟಿಯಾದರೆ ಹಾಗಲ್ಲ. ವ್ಯಾಸಪೀಠದ ಮೇಲೆ ಅಡ್ಡ ಮಲಗುತ್ತದೆ, ಅಕ್ಷರ ಬೇಕಾದಷ್ಟು ಬೆಳೆಯುತ್ತದೆ, ನೋಡಿದವರು ಗುರುಶಿದ್ದಪ್ಪ ಷೋಕಿ ಮಾಡುತ್ತಾನೆ ಎನ್ನುತ್ತಾರೆಯೇ ಹೊರತು ಬೇರೇನೂ ಅನ್ನುವುದಿಲ್ಲ. ಹೀಗೆ ಲೆಕ್ಕ ಹಾಕಿ ಅವನು ವಾರಕ್ಕೊಮ್ಮೆ ದುರ್ಗೇಶನ ಅಂಗಡಿಗೆ ಹೋಗಿ ಜಗತ್ತಿನ ಸುದ್ದಿಯನ್ನೆಲ್ಲ ಕೇಳಿಕೊಂಡು ಬಂದು, ಪೇಪರಿನಲ್ಲಿ ಓದಿದೆ ಎಂದು ಕಟ್ಟೆಯ ಮೇಲೆ ಹರಡತೊಡಗಿದ. ಕುಮಾರಸ್ವಾಮಿ ಮಾಸ್ತರರು ಮಾತ್ರ ಪುಸ್ತಕವಿರುವ ತನಕ ನಿನ್ನ ಪಾಟಿ ಯಾರಿಗೆ ಬೇಕು ಎಂದು ದಿನಾ ಜಗಳ ತೆಗೆಯುತ್ತಿದ್ದರು.

ಆಷಾಢ ಮುಗಿಯಲು ಬಂತು. ಪಾಟಿ ಬರಲಿಲ್ಲ. ಪುರಾಣದ ಏರ್ಪಾಟು ಮಾತಾಡಲು ಮಠದಲ್ಲಿ ಹಿರಿಯರು ಸೇರುವ ದಿನ ಮಧ್ಯಾಹ್ನ ದುರ್ಗೇಶನ ಫೋನು ಬಂತು. ಅವನ ಗಿರಾಕಿ ಕಾಲೇಜು ಪ್ರೊಫೆಸರರೊಬ್ಬರು ಪರದೇಶದ ಸಭೆಗೆ ಹೋಗಿದ್ದವರು ಆ ಪುಸ್ತಕ ಓದುವ ಯಂತ್ರವನ್ನು ತಂದಿದ್ದಾರೆ, ಒಂದು ಸಂಜೆಯ ಮಟ್ಟಿಗೆ ಕೊಟ್ಟಿದ್ದಾರೆ. ಪುರಾಣದ ಮೊದಲ ಸಂಧಿಯ ಪದ್ಯಗಳನ್ನು ಕನ್ನಡದಲ್ಲಿ ಟೈಪು ಮಾಡಿ ಅದರೊಳಗೆ ಹಾಕಿ ತರುತ್ತೇನೆ ಎಂದ. ಗುರುಶಿದ್ದಪ್ಪ ಹೊಸ ಧೋತರ ಉಟ್ಟು, ಹಣೆಗೆ ಇಬತ್ತಿ ಹಚ್ಚಿಕೊಂಡು ಮಠಕ್ಕೆ ಹೊರಟ. ಒಂದು ವರ್ಷ ನಕ್ಕವರೆಲ್ಲ ಇವತ್ತು ಬರಲಿ ಎಂದು ಹೇಳಿಯೂ ಕಳಿಸಿದ. ಬಂದರು ಕೂಡ.

ದುರ್ಗೇಶ ಗಡಿಬಿಡಿಯಲ್ಲಿ ಬಂದು ಯಂತ್ರವನ್ನು ವ್ಯಾಸಪೀಠದ ಮೇಲಿಟ್ಟು ಗುಂಡಿ ಒತ್ತಿದ. ಒಂದು ಬದಿಗೆ ಮಾಸ್ತರರು, ಸುತ್ತ ಹಿರಿಯರು, ಆಚೆ ಬತ್ತಿ ಹೊಸೆಯುತ್ತ ಕೂತ ಹೆಂಗಸರ ನಡುವೆ ದಾನವ್ವ. ಗುರುಶಿದ್ದಪ್ಪ ಬಾಗಿ ನೋಡಿದ. ಬೂದು ಬಣ್ಣದ ಮೇಲೆ ಸಾಲು ಸಾಲಾಗಿ ಕಪ್ಪು ಗಂಟುಗಳು. ದೊಡ್ಡವೇ ಇದ್ದವು. ಆದರೆ ಒಂದಕ್ಕೂ ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ. ಇಷ್ಟು ದೊಡ್ಡದು ಮಾಡಿದರೂ ಕಾಣುವುದಿಲ್ಲವೆಂದರೆ ಕಣ್ಣಿನ ಕಥೆ ಮುಗಿಯಿತು. ಹೊರಗಿನ ಮಂದಿಗೆ ಇನ್ನೂ ಏನೂ ಗೊತ್ತಿಲ್ಲ, ಈ ಹೊತ್ತು ಒಂದು ದಾಟಿದರೆ ಸಾಕು ಎಂದುಕೊಂಡ. ಕೆಮ್ಮಿ ಗಂಟಲು ಸರಿ ಮಾಡಿಕೊಂಡು, ಪರದೆಯ ಮೇಲೆ ಬೆರಳು ಸರಿಸುತ್ತ ಮೊದಲ ಪದ್ಯವನ್ನು ಎತ್ತಿದ. ದನಿ ಎಂದಿಗಿಂತ ಚೆನ್ನಾಗಿತ್ತು. ಎರಡನೆಯದನ್ನೂ ಹಾಡಿ ಮುಗಿಸಿ ತಲೆ ಎತ್ತಿದ.

"ಅಕ್ಷರ ಮುತ್ತಿನಂಗ ಅದಾವ ನೋಡ್ರಿ" ಎಂದ.

ದುರ್ಗೇಶನ ಮುಖ ಸಣ್ಣದಾಗಿತ್ತು. ಮಾಸ್ತರರು ಯಂತ್ರದ ಮೇಲೆ ಬಾಗಿ ನೋಡಿ ಹಿಂದೆ ಸರಿದು ಕೂತರು. ದಾನವ್ವ ಬತ್ತಿಯ ತಟ್ಟೆ ಕೆಳಗಿಟ್ಟು ಎದ್ದು ಬಂದಳು, ಇಣುಕಿ ನೋಡಿದಳು. ಹಾಕಿದ ಆಣೆ ಒಂದು ಕಡೆ, ಗಂಡನನ್ನು ಹೀಗೆ ನೋಡುವುದು ಒಂದು ಕಡೆ. ಅವಳಿಗೆ ಎರಡನೆಯದು ಆಗಲಿಲ್ಲ.

"ಇದರಾಗ ಅಕ್ಷರನ ಇಲ್ಲರಿ" ಎಂದಳು ಮೆಲ್ಲಗೆ. "ಬರೇ ಖಾಲಿ ಚೌಕ ಅದಾವ."

ದುರ್ಗೇಶ ತಡವರಿಸುತ್ತ ವಿವರಿಸಿದ. ಈ ಯಂತ್ರಕ್ಕೆ ಕನ್ನಡವೇ ಗೊತ್ತಿಲ್ಲ. ಕನ್ನಡದ ಅಕ್ಷರ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಒಂದೊಂದು ಖಾಲಿ ಚೌಕ ಬರೆದು ಕೈತೊಳೆದುಕೊಂಡಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡಿತ್ತು, ಅವಸರದಲ್ಲಿ ಇದನ್ನು ತೆರೆದು ನೋಡದೆ ತಂದದ್ದು ತನ್ನದೇ ತಪ್ಪು ಎಂದ.

"ಖರೇನ ಇಲ್ಲೇನು? ಒಂದೂ?" ಎಂದು ಗುರುಶಿದ್ದಪ್ಪ ಕೇಳಿದ.

"ಒಂದೂ ಇಲ್ಲರಿ ಕಾಕಾ."

"ಹಂಗಾರ ನನ್ನ ಕಣ್ಣು ಇನ್ನೂ ಪೂರ್ತಿ ಹೋಗಿಲ್ಲ" ಎಂದ ಗುರುಶಿದ್ದಪ್ಪ. ಎರಡು ವರ್ಷ ಹೊಸ್ತಿಲು ದಾಟದ ಮಾತು ಖುಷಿಯಲ್ಲಿ ತಾನಾಗಿಯೇ ಬಾಯಿಂದ ಹಾರಿತ್ತು. ಹೊರಗೆ ಬಿದ್ದ ಮೇಲೆ ಅದನ್ನು ಹಿಡಿಯುವುದು ಎಲ್ಲಿಂದ? ಅವನು ಕಿಸೆಯಿಂದ ಚಸ್ಮಾ ತೆಗೆದು ಪೀಠದ ಮೇಲಿಟ್ಟ. "ನನ್ನ ಕಣ್ಣು, ಈ ಮಷೀನು, ಎರಡೂ ಒಂದ ಕಂಪನಿ ಮಾಲು ಇದ್ದಂಗ ಐತಿ" ಎಂದು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಈ ಸಲ ಓದುವುದಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹಿರಿಯರಿಗೆ ಹೇಳಿ ಏಳಲು ಹೊರಟ.

ಕುಮಾರಸ್ವಾಮಿ ಮಾಸ್ತರರು ಅವನ ಧೋತರದ ಚುಂಗು ಹಿಡಿದು ಕೂಡಿಸಿದರು.

"ಹೋದ ವರ್ಷ ಮಳಿ ಜೋರಾಗಿ ಬಂದ ದಿನ ನಾಕು ಪದ್ಯ ಬಿಟ್ಟು ಮುಂದ ಹೋದಿ, ನೆನಪೈತೇನು?"

ಗುರುಶಿದ್ದಪ್ಪನಿಗೆ ನೆನಪಿರಲಿಲ್ಲ. ಬಿಟ್ಟದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

"ನಾ ಅದಕ್ಕೂ ಅರ್ಥ ಹೇಳೇನಿ" ಎಂದರು ಮಾಸ್ತರರು. "ನೀ ಓದಲಾರದ ಪದ್ಯಕ್ಕೂ ಅರ್ಥ ಹೇಳೇನಿ. ಮಂದಿ ಕೇಳಿ ಎದ್ದು ಹೋದ್ರು. ನಿನಗ ಕಾಣೂದಿಲ್ಲ ಅಂತ ನನಗ ಅವತ್ತ ಗೊತ್ತು. ನೀನಾಗೇ ಹೇಳತಿ ಅಂತ ಹಾದಿ ಕಾಯಾಕತ್ತಿದ್ದೆ."

ಗುರುಶಿದ್ದಪ್ಪ ಒಂದು ವರ್ಷ ತಾನು ಜಗತ್ತಿನ ಕಣ್ಣಿಗೆ ಮಣ್ಣೆರಚಿದೆ ಎಂದುಕೊಂಡಿದ್ದ. ಪಕ್ಕದಲ್ಲೇ ಕೂತ ಮನುಷ್ಯ ಆ ಮಣ್ಣನ್ನು ಗುಡಿಸುತ್ತ ಬಂದಿದ್ದ. ಹಿರಿಯರಲ್ಲೊಬ್ಬರು ಕಟ್ಟಳೆಯ ಮಾತು ತೆಗೆದರು. ಹಾಳೆಯ ಮೇಲೆ ಕಣ್ಣಿಲ್ಲದೆ ಪುರಾಣ ಹೇಗೆ ನಡೆದೀತು ಎಂದು ಅವರ ಚಿಂತೆ. ಹಾಳೆಯ ಮೇಲೆ ಕಣ್ಣಿರಬೇಕು ಎಂದಿದೆ, ಯಾರ ಕಣ್ಣು ಎಂದು ಯಾರೂ ಹೇಳಿಲ್ಲ ಎಂದು ಮಾಸ್ತರರು ಶಾಲೆಯ ದನಿಯಲ್ಲಿ ಹೇಳಿ, ದಾನವ್ವನ ಕಡೆ ನೋಡಿದರು. ದಾನವ್ವ ಆ ಕಾಲದಲ್ಲೇ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಅವಳು ಗಂಡನ ಕಡೆ ನೋಡಿದಳು. ಗುರುಶಿದ್ದಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದ.

ಆ ಶ್ರಾವಣದಲ್ಲಿ ವ್ಯಾಸಪೀಠದ ಮುಂದೆ ಮೂವರು ಕೂತರು. ದಾನವ್ವ ಹಾಳೆ ನೋಡಿ ಪದ್ಯದ ಮೊದಲ ಮಾತನ್ನು ಎತ್ತಿಕೊಡುವಳು, ಗುರುಶಿದ್ದಪ್ಪ ಕಣ್ಣು ಮುಚ್ಚಿ ಹಾಡುವನು, ಮಾಸ್ತರರು ಅರ್ಥ ಹೇಳುವರು. ನೆನಪು ಕೈಕೊಟ್ಟಲ್ಲಿ ಅವಳು ಪೂರ್ತಿ ಸಾಲು ಓದುವಳು, ಅವನು ಅದನ್ನೇ ರಾಗದಲ್ಲಿ ತಿರುಗಿ ಹೇಳುವನು. ಅಂಗಿ ಒಂದು ದಿನವೂ ಬೆವರಿನಿಂದ ತೊಯ್ಯಲಿಲ್ಲ. ಮೊದಮೊದಲು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ಆಮೇಲೆ ಸುಮ್ಮನೆ ಕೇಳಿದರು.

ಪಾಟಿಯ ಹುಚ್ಚು ಹೋಯಿತೇ ಎಂದರೆ, ಹೋಗಲಿಲ್ಲ. ಹೋಗಬೇಕಾದ ಕಾರಣವೂ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಸುದ್ದಿ ಮತ್ತೆ ತೇಜಿಯಾಯಿತು. ಹೊಸ ವರ್ಷಕ್ಕೆ ಆ ದೊಡ್ಡ ಕಂಪನಿಯ ಪಾಟಿ ಬಂದೇ ಬರುತ್ತದೆ ಎಂದು ಪೇಪರಿನವರು ಬರೆದರು. ಈಗ ಗುರುಶಿದ್ದಪ್ಪ ಪೇಪರು ಹಿಡಿದು ಕೂಡುತ್ತಿರಲಿಲ್ಲ. ಎಲ್ಲರೆದುರಿಗೆ ಕಟ್ಟೆಯ ಮೇಲೆ ಅದನ್ನು ದಾನವ್ವನ ಕೈಗೆ ಕೊಡುತ್ತಿದ್ದ. ಅವಳು ಕೀಲಿಮಣೆ ಇಲ್ಲವಂತೆ, ಬೆಳಕು ಇದೆಯಂತೆ, ತೂಕ ಕಡಿಮೆಯಂತೆ ಎಂದು ಒಂದೊಂದೇ ಓದಿ ಮುಗಿಸಿದಳು.

"ಕನ್ನಡದ್ದೇನರ ಬರದಾರೇನು?" ಎಂದು ಅವನು ಕೇಳಿದ.

ಬರೆದಿರಲಿಲ್ಲ. ದಾನವ್ವ ಹಾಳೆಯನ್ನೊಮ್ಮೆ ನೋಡಿದಳು, ಗಂಡನ ಮುಖವನ್ನೊಮ್ಮೆ ನೋಡಿದಳು.

"ಬರತೈತಂತರಿ" ಎಂದಳು. "ಸ್ವಲ್ಪ ತಡ ಆಗತೈತಂತ. ಆದ್ರ ಬರತೈತಂತ, ದೊಡ್ಡ ಅಕ್ಷರದಾಗ."

ಗುರುಶಿದ್ದಪ್ಪ ಸುದ್ದಿಯ ವ್ಯಾಪಾರದಲ್ಲೇ ಮುದುಕನಾದವನು. ಅವನ ಮೀಸೆಯ ಕೆಳಗೆ ನಗು ಆಡಿತು.

"ಅವರು ಬರದಾರೋ, ನೀ ಅರ್ಥ ಹೇಳಾಕತ್ತಿಯೋ?"

"ಚಹಾ ಆರಾಕತ್ತೈತಿ, ಕುಡೀರಿ" ಎಂದು ದಾನವ್ವ ಪುಟ ತಿರುವಿದಳು.