ಭಾಂಡುಪಿನ ಸಾಲಿನಲ್ಲಿ ಒಂದು ಗೀಟು

ಕುರ್ಲಾ ಸ್ಟೇಷನ್ನಿನಲ್ಲಿ ಗಾಡಿಗಳ ಸಮಯ ತೋರಿಸುವ ಇಂಡಿಕೇಟರ್ ಕೆಟ್ಟಾಗ ಅದರ ಮೇಲೆ ಬರೀ ಕೆಂಪು ಗೀಟುಗಳು ಉಳಿಯುತ್ತವೆ. ಇವತ್ತು ಸಂಜೆಯೂ ಹಾಗೇ ಆಯಿತು. ಮಿಕ್ಕವರು ರೈಲ್ವೆಯನ್ನು ಬೈದು ಫೋನ್ ನೋಡತೊಡಗಿದರು. ನನಗೆ ರೇಣುಕಾ ನೆನಪಾದಳು. ನೀವು ಪಕ್ಕದಲ್ಲಿ ನಿಂತಿದ್ದರೆ ಗಾಡಿ ಬರುವುದರೊಳಗೆ ಇದನ್ನೆಲ್ಲ ಹೇಳಿ ನಿಮ್ಮ ತಲೆ ತಿನ್ನುತ್ತಿದ್ದೆ.

ನಾನು ಗಣಿತದ ಮೇಷ್ಟ್ರು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಫೋನ್ ಮಾಡುವ ಆಸಾಮಿ. ಕೆಲವು ವರ್ಷಗಳ ಹಿಂದೆ ಕುರ್ಲಾದ ಕನ್ನಡ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಬೀಜಗಣಿತ ಕಲಿಸುತ್ತಿದ್ದೆ. ತರಗತಿಯೆಂದರೆ ಎರಡು ಬೆಂಚಿನಷ್ಟು ಮಕ್ಕಳು, ಎಲ್ಲರೂ ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯವರು. ಫಂಕ್ಷನ್ ಎಂದರೆ ಆಕಳಿಸುತ್ತಿದ್ದರು. ಅದಕ್ಕೇ ಒಂದು ದಿನ ಲೋಕಲ್ ಗಾಡಿಗಳನ್ನೇ ಬೋರ್ಡಿಗೆ ಹತ್ತಿಸಿದೆ. ಎಕ್ಸ್ ಎಂದರೆ ಕುರ್ಲಾದಿಂದ ಎಷ್ಟನೆಯ ಸ್ಟೇಷನ್ ಎಂದು. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿಗೆ ನಾಲ್ಕು ಎಕ್ಸ್ ನಿಮಿಷ. ಫಾಸ್ಟಿಗೆ ಎರಡು ಎಕ್ಸ್, ಜೊತೆಗೆ ಅದಕ್ಕಾಗಿ ಕಾಯುವ ಐದು ನಿಮಿಷ. ಕೋಷ್ಟಕ ತುಂಬುತ್ತಾ ಹೋದರೆ ಎರಡನೆಯ ಸ್ಟೇಷನ್ನಿನವರೆಗೆ ಸ್ಲೋ ಗೆಲ್ಲುತ್ತದೆ, ಮೂರನೆಯದರಿಂದ ಫಾಸ್ಟ್. ಹೋಗುವಾಗ ಒಂದು ಗಾಡಿ, ಬರುವಾಗ ಇನ್ನೊಂದು ಎಂದುಕೊಂಡು ಕೊನೆಯ ಕಾಲಮ್ಮಿನಲ್ಲಿ ಎರಡನ್ನೂ ಕೂಡಿಸಬೇಕು. ನನ್ನ ಜಾಣತನಕ್ಕೆ ನಾನೇ ಮರುಳಾಗಿದ್ದೆ.

ಐದನೆಯ ಸಾಲು ಭಾಂಡುಪಿನದು. ರೇಣುಕಾ ಬಂದು ಸ್ಲೋ ಕೆಳಗೆ ಇಪ್ಪತ್ತು ಬರೆದಳು. ಫಾಸ್ಟ್ ಕೆಳಗೆ ಒಂದು ಗೀಟು. ಮೊತ್ತದಲ್ಲೂ ಗೀಟು.

“ಯಾಕಮ್ಮಾ, ಹದಿನೈದು ಬರೀಬೇಕಲ್ವಾ?”

“ನಮ್ಮ ಮನಿ ಭಾಂಡುಪಿನ್ಯಾಗ ಐತ್ರಿ ಸರ. ನಾವು ಸಾಲಿ ಬಿಟ್ಟು ಹೋಗೂ ಹೊತ್ತಿನ ಫಾಸ್ಟ್ ಅಲ್ಲಿ ನಿಲ್ಲಂಗಿಲ್ಲ. ಇಳಿಲಿಕ್ಕೇ ಆಗಂಗಿಲ್ಲಂದ್ರ ಎಷ್ಟ್ ನಿಮಿಷ ಅಂತ ಬರೀಲಿ?”

“ಜಿಗದ್ ಬಿಡು!” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

“ನೀನ ಜಿಗಿಯಪಾ, ನಿನ್ನ ಹಲ್ಲ ಆರಿಸಿ ಕೊಡ್ತೀನಿ.”

ಬೆಲೆಯೇ ಇಲ್ಲದ ಕಡೆ ಮೊತ್ತವೂ ಇಲ್ಲ. ನಾನು ಇನ್ನೂ ಕಲಿಸಿರದ ಪಾಠ ಅದು. ಸ್ಟಾಫ್ ರೂಮಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಆ ಗೀಟಿನ ಕಥೆ ಹೇಳಿ ಬೇಸರ ಹಿಡಿಸಿದೆ.

ವರ್ಷದ ಕೊನೆಗೆ, ಮಕ್ಕಳಿಲ್ಲವೆಂದು ಶಾಲೆ ಮುಚ್ಚುವುದು ಖಚಿತವಾಯಿತು. ಉಳಿದವರು ಊರಿಗೆ ಹೊರಟರು. ರೇಣುಕಾ ಹತ್ತನೆಯ ತರಗತಿಗೆ ಹೋಗಲು ಎರಡೇ ದಾರಿ: ಭಾಂಡುಪಿನ ಇಂಗ್ಲಿಷ್ ಶಾಲೆ, ಇಲ್ಲವೇ ದೂರದ ವಡಾಲದ ಕನ್ನಡ ಶಾಲೆ. ಅವಳ ಅಪ್ಪನನ್ನು ಕರೆಸಿದೆ, ಜೊತೆಗೆ ಅವಳೂ ಬಂದಳು. ಚಿಂತೆಯಾದಾಗ ನನ್ನ ಕೈ ತಾನೇ ಗೆರೆ ಎಳೆಯುತ್ತದೆ. ಬೋರ್ಡಿನ ಮೇಲೆ ತಿಂಗಳುಗಳನ್ನು ಕೆಳಕ್ಕೆ ಬರೆದು, ಶಾಲೆಗೊಂದು ಕಾಲಮ್ ಹಾಕಿ, ಅವಳು ತೆಗೆಯಬಹುದಾದ ಅಂಕಗಳನ್ನು ತುಂಬಿದೆ. ಮೊದಲು ವಡಾಲ ಮುಂದೆ, ಇಂಗ್ಲಿಷ್ ರೂಢಿಯಾಗಿ ದೀಪಾವಳಿ ದಾಟಿದರೆ ಭಾಂಡುಪ್. ಕೊನೆಗೆ ಎರಡೂ ಕೂಡಿದ ಕಾಲಮ್ ಒಂದು, ಇನ್ನೂ ಖಾಲಿ.

ಅಪ್ಪ ವಡಾಲದ ಕಾಲಮ್ಮಿನ ಕಡೆ ಕೈ ತೋರಿಸಿದರು. “ವಡಾಲಕ್ಕ ಯಾರು ಕರ್ಕೊಂಡು ಹೋಗವ್ರು ಸರ? ಇಷ್ಟ ದಿವ್ಸ ಹುಡುಗ್ರ ಗುಂಪ ಇತ್ತು. ಒಬ್ಬಾಕಿನ್ನ ಆ ಗರ್ದಿಯಾಗ ಹೆಂಗ ಬಿಡ್ಲಿ? ನಾನೂ ಈಕಿ ಅವ್ವನೂ ಮುಂಜಾನೆದ್ದು ಕೂಲಿ ನಾಕಾದಾಗ ನಿಂತ್ರನ ದಿನದ ಕೆಲ್ಸ ಸಿಗೂದು.”

“ಹಾಗಾದರೆ ಇಂಗ್ಲಿಷ್ ಶಾಲೆಗೇ ಹೋಗಲಿ. ಭಾನುವಾರ ನಾನು ಬಂದು ಕನ್ನಡದಲ್ಲಿ ಹೇಳಿಕೊಡ್ತೀನಿ. ಎರಡೂ ಕೂಡಿದರೆ...”

ರೇಣುಕಾ ನನ್ನ ಕೈಯಿಂದ ಚಾಕ್ ತೆಗೆದುಕೊಂಡಳು. “ಅಲ್ಲಿ ಒಂದ್ ವಾರ ಕುಂತ್ ಬಂದೀನ್ರಿ. ಇಜ್ಞಾನ ಯಾವುದು, ಇತಿಹಾಸ ಯಾವುದು, ಅದೂ ತಿಳೀಲಿಲ್ಲ.” ಎರಡು ಕಾಲಮ್ಮಿಗೂ ಮೇಲಿನಿಂದ ಕೆಳಗಿನವರೆಗೆ ಗೀಟು ಹಾಕಿದಳು. ಕೊನೆಯದಕ್ಕೆ ಬಂದು ನಿಂತು, ಚಾಕ್ ನನಗೇ ವಾಪಸು ಕೊಟ್ಟಳು.

“ಇದನ್ನ ನೀವ ಹಾಕ್ರಿ ಸರ.”

ನಾನು ಹಾಕಲಿಲ್ಲ. ಅದರಿಂದ ಏನೂ ಬದಲಾಗಲಿಲ್ಲ. ಜೂನಿನಿಂದ ಅವಳೂ ಅವ್ವನ ಜೊತೆ ನಾಕಾದಲ್ಲಿ ನಿಂತಳು.

ಇಂಡಿಕೇಟರ್ ಸರಿಯಾಯಿತು. ನನ್ನ ಮನೆ ಭಾಂಡುಪಿಗಿಂತ ಮುಂದೆ. ಫಾಸ್ಟ್ ಗಾಡಿಯಲ್ಲಿ, ಆ ಸ್ಟೇಷನ್ ಬಂದಾಗ ಫೋನ್ ನೋಡುತ್ತಾ ದಾಟುವುದು ವರ್ಷಗಳ ರೂಢಿ. ಇವತ್ತು ಫಾಸ್ಟ್ ಬಿಟ್ಟು ಸ್ಲೋ ಹತ್ತಿದೆ, ಬಾಗಿಲ ಹತ್ತಿರವೇ ನಿಂತೆ. ಭಾಂಡುಪ್ ಬಂತು, ಗಾಡಿ ನಿಂತಿತು.

“ಅಂಕಲ್, ಉತರ್ನಾ ಹೈ ಕ್ಯಾ?” ಇಳಿಯಬೇಕಾ ಎಂದು ಹಿಂದಿನಿಂದ ಯಾರೋ ಕೇಳಿದರು.

ಪಕ್ಕಕ್ಕೆ ಸರಿದು, ಇಳಿಯುವವರಿಗೆ ದಾರಿ ಬಿಟ್ಟೆ.