ಕಿತ್ತಳೆ ಸಿಪ್ಪೆಯ ಗಿರಿಜಾ

ಫಸ್ಸ್... ಫಸ್ಸ್... ಬೆಂಗಳೂರಿನ ಹೂಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಪಕ್ಕದ ಮನೆಯಿಂದ ಕೇಳಿಬರುತ್ತಿದ್ದ ಸದ್ದು ಅದು. ಗಿರಿಜಾ ತನ್ನ ಬಾಟಲಿಗಳ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡುತ್ತಿದ್ದಳು. ಒಳಗೆ ಕಿತ್ತಳೆ, ಮೋಸಂಬಿ ಸಿಪ್ಪೆ, ಬೆಲ್ಲ, ನೀರು. ಮೂರು ತಿಂಗಳು ಹುದುಗಲು ಬಿಟ್ಟು ಸೋಸಿದರೆ ನೆಲ ಒರೆಸುವ ನೀರಿಗೆ ಬೆರೆಸಬಹುದು. "ಮುಚ್ಚಳ ಬಿಗಿ ಮಾಡಿಟ್ರ ಸಿಟ್ಟಿಗೇಳ್ತಾವ್ರೀ ಅಮ್ಮಾರ. ದಿನಾ ಒಮ್ಮೆ ಮಾತಾಡಸ್ಬೇಕು," ಎನ್ನುತ್ತಿದ್ದಳು.

ರಾಣೆಬೆನ್ನೂರಿನವಳು, ಬ್ಯಾಂಕ್ ಆಫೀಸರರ ಹೆಂಡತಿ, ನನಗಿಂತ ಬಹಳ ಚಿಕ್ಕವಳು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಜ್ಯೂಸ್ ಅಂಗಡಿಯ ಸಿಪ್ಪೆಯ ಚೀಲ. ಪೂಜೆ ಮುಗಿದ ಮೇಲೆ ಬೆರಳಿಗಂಟಿದ ವಿಭೂತಿಯಲ್ಲೇ ಬೆಳ್ಳಿ ದೀಪ ತಿಕ್ಕಿ ಹೊಳೆಯಿಸಿಬಿಡುತ್ತಿದ್ದಳು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕಣ್ಣೆದುರು ಬೆಳೆದ ನನಗೆ ಫಿನಾಯಿಲ್ ವಾಸನೆಯೇ ಕ್ಲೀನ್‌ಲಿನೆಸ್. ಹೌ ಸಿಲ್ಲಿ, ಈಗ ಅನ್ನಿಸುತ್ತದೆ.

ನನ್ನವರು ಜಾಲಹಳ್ಳಿಯ ಕಾರ್ಖಾನೆಯಿಂದ ರಿಟೈರ್ ಆದವರು. ಒಂದು ವರ್ಷ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿ ಮನೆಗೆ ಬಂದಾಗ, ಯಾವ ಘಾಟೂ ತಾಗಕೂಡದೆಂದು ಡಾಕ್ಟರ್ ಎಚ್ಚರಿಸಿದ್ದರು. ಮನೆಯೊಳಗೆ ಫಿನಾಯಿಲ್ ನಿಲ್ಲಿಸಿದೆ. ಕಾರಿಡಾರ್ ಮಾತ್ರ ಅಸೋಸಿಯೇಷನ್ನಿನದು. ಅಲ್ಲಿ ಒರೆಸಿದಾಗಲೆಲ್ಲ ಬಾಗಿಲ ಸಂದಿಯಿಂದ ಘಾಟು ನುಗ್ಗಿ, ಅವರು ಮಂಚದ ಅಂಚು ಹಿಡಿದು ಉಸಿರಿಗೆ ಒದ್ದಾಡುತ್ತಿದ್ದರು.

ಗಿರಿಜಾ ತನ್ನ ಸಿಪ್ಪೆ ನೀರಿನ ಕ್ಯಾನ್ ಹಿಡಿದು, ಕಾರಿಡಾರಿಗೆ ಇನ್ನು ಇದನ್ನೇ ಬಳಸಿ ಎಂದು ಅಸೋಸಿಯೇಷನ್ ಸೆಕ್ರೆಟರಿಯ ಮುಂದೆ ನಿಂತಳು.

"ಮೇಡಂ, ಗೆಸ್ಟ್ ಬಂದ್ರೆ ಫ್ಲೋರ್ ಒರೆಸೇ ಇಲ್ಲ ಅನ್ಕೋತಾರೆ. ಒಂದ್ ವಾಸ್ನೆ ಬೇಡ್ವಾ?" ಎಂದರು ಅವರು.

"ನಿಮ್ಮ ಗೆಸ್ಟಿಗೆ ಫಿನಾಯಿಲ್ ಬಾಟ್ಲಿನ ಕೈಯಾಗ ಕೊಡ್ರಿ, ಮೂಸ್ಲಿ. ಇಲ್ಲಿ ಒಬ್ರಿಗೆ ಉಸಿರು ಬೇಕಾಗೇತಿ."

ಸೆಕ್ರೆಟರಿ ನಕ್ಕುಬಿಟ್ಟರು. ನಮ್ಮ ಫ್ಲೋರಿಗೆ ಮಾತ್ರ ಒಂದು ತಿಂಗಳು ಟ್ರಯಲ್ ಎಂದರು.

ಕೆಲವೇ ದಿನಗಳಲ್ಲಿ ನನ್ನವರಿಗೆ ಮತ್ತೆ ಕೆಮ್ಮು. ಗಿರಿಜಾ ಹೊರಗೆ ಹೋಗಿ ಬಕೆಟ್ ಮೂಸಿದಳು. ಹೌಸ್‌ಕೀಪಿಂಗಿನ ಲಕ್ಷ್ಮಿ ಮುಖ ಸಣ್ಣದು ಮಾಡಿಕೊಂಡು, "ವಾಸ್ನೆನೇ ಬರಲ್ಲ ಅಕ್ಕ. ಸೂಪರ್‌ವೈಸರ್ ಬಯ್ತಾರೆ ಅಂತ ಒಂಚೂರು ಫಿನಾಯಿಲ್ ಸೇರಿಸ್ದೆ," ಎಂದಳು.

ಗಿರಿಜಾ ಗದರಲಿಲ್ಲ. ಬಕೆಟ್ ಚೆಲ್ಲಿ, ಸೀರೆ ಎತ್ತಿ ಸಿಕ್ಕಿಸಿಕೊಂಡಳು. "ಬಾರವ್ವ, ಇಬ್ರೂ ಒರಸೋಣು. ಬೈದ್ರ ನನ್ನ ಬೈಲಿ."

ಆ ತಿಂಗಳು ಪೂರ್ತಿ ಲಕ್ಷ್ಮಿಯ ಜೊತೆ ತಾನೂ ಮಾಪ್ ಹಿಡಿದಳು. ಆಮೇಲೆ ನಮ್ಮ ಫ್ಲೋರಿಗೆ ಫಿನಾಯಿಲ್ ಬರಲೇ ಇಲ್ಲ. ನನ್ನವರು ಬಾಗಿಲು ತೆರೆದಿಟ್ಟು ಪೇಪರ್ ಓದತೊಡಗಿದರು. ಥ್ಯಾಂಕ್ಸ್ ಹೇಳಲು ಹೋದರೆ, "ಅದೇನ್ ಹಚ್ಚೀರಿ ಅಮ್ಮಾರ, ಸಿಪ್ಪಿ ಕೂಡಿಡ್ರಿ ಸಾಕು," ಎಂದು ನನ್ನ ಬಾಯಿ ಮುಚ್ಚಿಸಿದಳು.

ಕೆಲವು ವರ್ಷಗಳ ನಂತರ, ಗಂಡನ ಸರ್ವಿಸ್ ಮುಗಿದ ಮೇಲೆ ಊರಿಗೆ ಹೋದ ಗಿರಿಜಾ ಮರುವರ್ಷವೇ ತೀರಿಕೊಂಡಳು. ನಾನು ಅವಳನ್ನು ಕೊನೆಯ ಸಲ ಕಂಡದ್ದು ಅವರು ಮನೆ ಖಾಲಿ ಮಾಡಿದ ದಿನ. ನನ್ನವರು ಗೋಡೆ ಹಿಡಿಯದೆ, ಕಾರಿಡಾರಿನ ಉದ್ದಕ್ಕೂ ಅವಳ ಜೊತೆ ನಡೆದರು.

"ಸಾಕ್ರೀ ಸರ, ನಿಮಗ ದಮ್ಮು ಹತ್ತತೈತಿ," ಎಂದಳು.

"ಹತ್ತಿದ್ರೆ ನಿಂತ್ಕೋತೀನಮ್ಮ. ನೀನು ನಡಿ."

ನಿಲ್ಲಬೇಕಾಗಲಿಲ್ಲ. ಲಿಫ್ಟಿನೊಳಗೆ ಹೋದವಳು ತಿರುಗಿ, ಮೊದಲು ಅವರ ಎದೆಯ ಏರಿಳಿತ ನೋಡಿದಳು. ಆಮೇಲೆ ನನ್ನತ್ತ ನೋಡಿ, ಏನೂ ತೊಂದರೆಯಿಲ್ಲ ಎನ್ನುವಂತೆ ತಲೆಯಾಡಿಸಿದಳು.